ಕೋವಿಯ ನಳಿಗೆ ಬರೀ ಕೊಳವೆಯಲ್ಲ



ಮಳೆಯ ಆರ್ಭಟ ತಗ್ಗಿ ಅಡಿಕೆಗೆ ಎರಡನೇ ಸಲದ ಬೋರ್ಡೋ ಸಿಂಪಡಣೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಮೂರು ತಿಂಗಳು ಮೂಲೆಯಲ್ಲಿ ಬೆಚ್ಚಗೆ ಕುಳಿತಿದ್ದ ಕೋವಿ ಹೊರಗೆ ಬರುತ್ತದೆ. ಗದ್ದೆಯಲ್ಲಿ ಪೈರು ಹೊಡೆ ಬಿಚ್ಚುವ ಮೊದಲೇ ಕಾಡುಹಂದಿ ಬೇಲಿ ದಾಟಿರುತ್ತದೆ. ಎಳೆ ಅಡಿಕೆಗೂ ಬಾಳೆಗೂ ಮಂಗಗಳು ಬಂದಿರುತ್ತವೆ. ಕೊಡಗಿನವರಿಗಂತೂ ಸೆಪ್ಟೆಂಬರ್ 3 ಕೈಲ್ ಪೊಳ್ದ್. ಆ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುವುದು ತಲೆತಲಾಂತರದಿಂದ ಬಂದ ಪದ್ಧತಿ.

ಕೆಲವು ವರ್ಷಗಳ ಕೆಳಗೆ ಹೀಗೆಯೇ ಮಳೆ ಬಿಟ್ಟ ಒಂದು ಸಂಜೆ ನಮ್ಮ ಮನೆಯ ಜೋಡುನಳಿಗೆಯನ್ನು ಹೊರತೆಗೆದೆ. ಗದ್ದೆಯ ಕಡೆಯಿಂದ ಆಳು ಕೂಗುತ್ತಿದ್ದ. ತೋಟೆ ತುಂಬುವ ಆತುರದಲ್ಲಿಯೂ ಅಭ್ಯಾಸಬಲದಿಂದ ಕೋವಿಯನ್ನು ಮುರಿದು ನಳಿಗೆಯನ್ನು ಬೆಳಕಿಗೆ ಹಿಡಿದೆ. ಎಡಗಡೆಯದರಲ್ಲಿ ಬೆಳಕು ಕಂಡಿತು. ಬಲಗಡೆಯದರಲ್ಲಿ ಕತ್ತಲೆ. ಗಜದ ಕಡ್ಡಿಯಿಂದ ತಿವಿದಾಗ ಒಣಗಿದ ಮಣ್ಣಿನ ಹೆಂಟೆ ಉದುರಿತು. ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು. ಬೆರಳಿನಷ್ಟು ಮಣ್ಣು. ಅದನ್ನು ನೋಡದೆ ಈಡು ಹಾರಿಸಿದ್ದರೆ ಈ ಲೇಖನ ಬರೆಯಲು ನನಗೆ ಎಡಗೈ ಇರುತ್ತಿತ್ತೋ ಇಲ್ಲವೋ.

ಕೋವಿಯ ಬಗ್ಗೆ ನಮ್ಮಲ್ಲಿ ಮಾತು ಬಹಳ. ಯಾವ ತೋಟೆ ದೂರ ಹೋಗುತ್ತದೆ, ಯಾರ ಅಜ್ಜ ಎಷ್ಟು ದೂರದಿಂದ ಹೊಡೆದರು ಎಂದೆಲ್ಲ ಹೇಳುತ್ತೇವೆ. ನಳಿಗೆಯ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಕೋವಿಯ ಜೀವ ಇರುವುದು ನಳಿಗೆಯಲ್ಲಿ. ಹೊಡೆಯುವವನ ಜೀವ ಇರುವುದೂ ಅಲ್ಲಿಯೇ. ಆದ್ದರಿಂದ ಸದಸ್ಯರ ತಿಳಿವಳಿಕೆಗಾಗಿ ಈ ನಾಲ್ಕು ಮಾತು.

ಒಳಗೆ ಏನಾಗುತ್ತದೆ?

ಲಾರಿಯ ಟಯರಿನಲ್ಲಿ ಚದರ ಅಂಗುಲಕ್ಕೆ ಸುಮಾರು 100 ಪೌಂಡ್ ಗಾಳಿಯ ಒತ್ತಡ ಇರುತ್ತದೆ. ಅಡಿಕೆಗೆ ಔಷಧಿ ಹೊಡೆಯುವ ಯಂತ್ರದ ಪಂಪಿನಲ್ಲಿ ಕೆಲವು ನೂರು ಪೌಂಡ್. ಆ ಪಂಪಿನ ಪೈಪು ಒಡೆದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. 12 ಬೋರಿನ ಸಾಧಾರಣ ತೋಟೆ ಹಾರಿದಾಗ ಅದು ಕೂತ ಜಾಗದಲ್ಲಿ ಏಳುವ ಒತ್ತಡ ಚದರ ಅಂಗುಲಕ್ಕೆ 10 ಸಾವಿರ ಪೌಂಡಿನ ಆಸುಪಾಸು. ಇಷ್ಟು ಒತ್ತಡ ಏರುವುದು ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಕಡಿಮೆ ಸಮಯದಲ್ಲಿ. ಚರೆ ಮುಂದೆ ಸರಿದಂತೆ ಒತ್ತಡ ಇಳಿಯುತ್ತ ಬಂದು ಬಾಯಿಯ ಹತ್ತಿರ ತೀರಾ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಸರಿಯಾದ ನಳಿಗೆ ಹಿಂಭಾಗದಲ್ಲಿ ದಪ್ಪ, ಮುಂದೆ ಹೋದಂತೆ ತೆಳು.

ಈ ಲೆಕ್ಕವೆಲ್ಲ ನಿಲ್ಲುವುದು ಒಂದೇ ನಂಬಿಕೆಯ ಮೇಲೆ. ಚರೆಯ ಮುಂದಿನ ದಾರಿ ತೆರೆದಿರಬೇಕು. ದಾರಿಯಲ್ಲಿ ಮಣ್ಣು, ಬಟ್ಟೆಯ ಚೂರು, ಹಿಂದಿನ ಈಡಿನ ಬಿರಟೆ ಏನೇ ಇದ್ದರೂ ಚರೆ ಅಲ್ಲಿ ಒಂದು ಕ್ಷಣ ತಡೆಯುತ್ತದೆ. ಹಿಂದಿನಿಂದ ಬರುವ ಒತ್ತಡ ಅಲ್ಲಿಯೇ ಗುಡ್ಡೆಯಾಗುತ್ತದೆ. ತೆಳುವಾದ ಜಾಗದಲ್ಲಿ ಹೀಗಾದರೆ ನಳಿಗೆ ಉಂಗುರದಂತೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಮುಂಗೈ ಹಿಡಿದಿರುವುದೂ ಹೆಚ್ಚುಕಡಿಮೆ ಅಲ್ಲಿಯೇ.

ನೀರಿನ ಪೈಪು ನಳಿಗೆಯಾಗದು

ಈ ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಹಂದಿಯ ಕಾಟ ತಾಳಲಾರದೆ, ಲೈಸೆನ್ಸಿಗೆ ಅಲೆದು ಬೇಸತ್ತು, ಯಾರೋ ಮಾಡಿಕೊಟ್ಟ ನಾಡಕೋವಿಯನ್ನು ಹುಲ್ಲಿನ ಅಟ್ಟದಲ್ಲಿ ಇಟ್ಟುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಂಥವರಲ್ಲಿ ಬಹಳ ಮಂದಿ ಕಳ್ಳರಲ್ಲ, ದುಷ್ಟರಲ್ಲ. ಬೆಳೆ ಕಳೆದುಕೊಂಡವರು. ಆದರೆ ಒತ್ತಡಕ್ಕೆ ಕರುಣೆ ಇಲ್ಲ.

ನೀರಿನ ಪೈಪನ್ನು ಮಾಡುವುದು ತಗಡನ್ನು ಸುತ್ತಿ ಅಂಚನ್ನು ಬೆಸೆದು. ಆ ಬೆಸುಗೆಯ ಗೆರೆ ನೀರು ತಡೆಯುವುದಕ್ಕೆ ಸಾಕು, ಸ್ಫೋಟ ತಡೆಯುವುದಕ್ಕೆ ಅಲ್ಲ. ಹೊರಗಿನಿಂದ ದಪ್ಪ ಕಂಡರೂ ಒಳಗಿನ ಉಕ್ಕು ಯಾವ ಜಾತಿಯದು, ಅದರಲ್ಲಿ ಎಲ್ಲಿ ಬಿರುಕಿದೆ ಎಂದು ಯಾರಿಗೂ ತಿಳಿಯದು. ಹತ್ತು ಈಡು ಹಾರಿತೆಂದು ಹನ್ನೊಂದನೆಯದು ಹಾರುತ್ತದೆಂಬ ಭರವಸೆ ಇಲ್ಲ. ಪ್ರತಿ ಈಡಿಗೂ ಲೋಹ ಸ್ವಲ್ಪ ಸ್ವಲ್ಪವೇ ದಣಿಯುತ್ತದೆ. ಹಿಂಭಾಗವನ್ನು ಮುಚ್ಚಿದ ಬಿರಟೆ ಕಿತ್ತು ಬಂದರೆ ಅದು ಬರುವುದು ಹೊಡೆಯುವವನ ಕಣ್ಣಿನ ಕಡೆಗೆ.

ಇನ್ನು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನ ಪ್ರಕಾರ ಕೋವಿಯನ್ನು ತಯಾರಿಸುವುದು, ಮಾರುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು ಎಲ್ಲಕ್ಕೂ ಪ್ರತ್ಯೇಕ ಪರವಾನಿಗೆ ಬೇಕು. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದನ್ನು 6ನೇ ಕಲಮು ತಡೆಯುತ್ತದೆ. ತಯಾರಕನ ಹೆಸರು, ನಂಬರು ಮೊದಲಾದ ಗುರುತಿಲ್ಲದ ಕೋವಿಯ ವಿಷಯ 8ನೇ ಕಲಮಿನಲ್ಲಿದೆ. 2019ರ ತಿದ್ದುಪಡಿಯ ನಂತರ ಪರವಾನಿಗೆಯಿಲ್ಲದೆ ಕೋವಿ ತಯಾರಿಸಿದವರಿಗೆ 7 ವರ್ಷಕ್ಕೆ ಕಡಿಮೆಯಿಲ್ಲದಂತೆ, ಜೀವಾವಧಿಯವರೆಗೂ ಶಿಕ್ಷೆ ಆಗಬಹುದು. ಲೈಸೆನ್ಸಿಲ್ಲದ ಕೋವಿಯನ್ನು ಬರೀ ಇಟ್ಟುಕೊಂಡವರಿಗೂ 2ರಿಂದ 5 ವರ್ಷದ ಸೆರೆ ಉಂಟು. ಒಂದು ಹಂಗಾಮಿನ ಭತ್ತಕ್ಕೆ ಕೊಡುವ ಬೆಲೆಯಲ್ಲ ಇದು.

ಪಿಸ್ತೂಲಿನ ಗುಂಡು ಹಾರಿಸುವ ಗಿಡ್ಡ ಬಂದೂಕನ್ನು ಅಮೆರಿಕದಲ್ಲಿ ಮನೆಯಲ್ಲಿಯೇ ಜೋಡಿಸಿಕೊಳ್ಳುತ್ತಾರಂತೆ, ನಾವೇಕೆ ಮಾಡಬಾರದು ಎಂದು ಕೇಳುವ ಹುಡುಗರೂ ಈಗ ಇದ್ದಾರೆ. ಆ ದೇಶದ ಕಾನೂನು ಬೇರೆ. ಅಲ್ಲಿಯೂ ರೈಫಲಿನ ನಳಿಗೆ 16 ಅಂಗುಲಕ್ಕಿಂತ ಗಿಡ್ಡವಾದರೆ 1934ರಿಂದ ಪ್ರತ್ಯೇಕ ನೋಂದಣಿಯ ಕಟ್ಟುಪಾಡು ಇದೆ. ನಮ್ಮಲ್ಲಿ 20 ಅಂಗುಲಕ್ಕಿಂತ ಗಿಡ್ಡ ನಳಿಗೆಯ ನಯಬೋರಿನ ಕೋವಿಯನ್ನೂ, ತಾನಾಗಿ ತುಂಬಿಕೊಳ್ಳುವ ಬಹುಪಾಲು ಬಂದೂಕುಗಳನ್ನೂ ನಿರ್ಬಂಧಿತ ವರ್ಗದಲ್ಲಿ ಇಟ್ಟಿದೆ. ತೋಟದ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ. ಮನೆಯ ಹುಡುಗರಿಗೆ ಈ ಮಾತನ್ನು ಹಿರಿಯರು ಮೊದಲೇ ಹೇಳಿಡುವುದು ಒಳ್ಳೆಯದು.

ನಳಿಗೆಯ ಮೇಲಿನ ಬರಹ ಓದುವುದು

ನಮ್ಮ ಕಡೆ ಇರುವ ಕೋವಿಗಳು ಮುಖ್ಯವಾಗಿ ಎರಡು ಬಗೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಒಂದು. ಹಿಂದಿನಿಂದ ತುಂಬುವ ತೋಟೆ ಕೋವಿ ಇನ್ನೊಂದು. ಎರಡರ ನಳಿಗೆಯೂ ಒಳಗೆ ನಯ. ರೈಫಲಿನಂತೆ ಸುರುಳಿ ಗೆರೆ ಇರುವುದಿಲ್ಲ.

12 ಬೋರು ಎಂದರೆ 12 ಅಂಗುಲವಲ್ಲ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಗುಂಡು ಎರೆದರೆ ಒಂದೊಂದೂ ಎಷ್ಟು ದಪ್ಪವೋ ನಳಿಗೆಯ ಒಳ ಅಗಲ ಅಷ್ಟು. ಅದು 0.729 ಅಂಗುಲ, ಅಂದರೆ 18.5 ಮಿಲಿಮೀಟರ್. 20 ಬೋರು ಎಂದರೆ ಪೌಂಡಿಗೆ 20 ಗುಂಡು. ಅಂದಮೇಲೆ ನಳಿಗೆ ಸಣ್ಣದು, 0.615 ಅಂಗುಲ. ನಂಬರು ಹೆಚ್ಚಾದಷ್ಟೂ ನಳಿಗೆ ಸಣ್ಣದೆಂದು ನೆನಪಿಟ್ಟರೆ ಸಾಕು.

ಹಳೆಯ ವಿಲಾಯತಿ ಕೋವಿ ಇದ್ದವರು ಮುಂಗೈ ಮರವನ್ನು ತೆಗೆದು ನಳಿಗೆಯ ಅಡಿಯ ಚಪ್ಪಟೆ ಭಾಗವನ್ನು ನೋಡಬೇಕು. ಅಲ್ಲಿ ಕಿರೀಟದ ಗುರುತು, ಅಕ್ಷರ, ಅಂಕಿ ಒತ್ತಿರುತ್ತಾರೆ. ಅದು ಅಲಂಕಾರವಲ್ಲ, ನಳಿಗೆಯ ಜಾತಕ. ಲಂಡನ್ನಿನ ಬಂದೂಕುಗಾರರ ಸಂಘಕ್ಕೆ 1637ರಲ್ಲಿ ಸನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸು 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಹುಟ್ಟಿತು. ಅಲ್ಲಿ ಪ್ರತಿ ನಳಿಗೆಯಲ್ಲಿಯೂ ಮಾಮೂಲಿಗಿಂತ ಹೆಚ್ಚು ಒತ್ತಡದ ಈಡನ್ನು ಹಾರಿಸಿ, ತಡೆದುಕೊಂಡ ನಳಿಗೆಗೆ ಮಾತ್ರ ಮುದ್ರೆ ಹಾಕುತ್ತಾರೆ. ನೈಟ್ರೋ ಪ್ರೂಫ್ ಎಂಬ ಮುದ್ರೆ ಇದ್ದರೆ ಹೊಗೆಯಿಲ್ಲದ ಮದ್ದಿನ ತೋಟೆಗೆ ಆ ನಳಿಗೆ ಪರೀಕ್ಷೆಯಾಗಿದೆ ಎಂದರ್ಥ. ಅದಿಲ್ಲದ ಹಳೆಯ ನಳಿಗೆ ಕರಿಮದ್ದಿನ ಕಾಲದ್ದು. ಅದಕ್ಕೆ ಇಂದಿನ ತೋಟೆಯನ್ನು ತುಂಬಲೇಬಾರದು. 1954ರ ನಂತರದ ಬ್ರಿಟಿಷ್ ಕೋವಿಗಳ ಮೇಲೆ 3 ಟನ್, ಮೂರೂಕಾಲು ಟನ್ ಎಂದು ಒತ್ತಿರುವುದುಂಟು. ಅದು ಚದರ ಅಂಗುಲಕ್ಕೆ ಎಷ್ಟು ಒತ್ತಡದ ತೋಟೆ ಹಾಕಬಹುದೆಂಬ ಸೂಚನೆ.

ನಳಿಗೆಯ ಹೊರಮೈಯಲ್ಲಿ ಹಾವಿನ ಚರ್ಮದಂತೆ, ಮರದ ತಿರುಳಿನಂತೆ ಸುರುಳಿ ಚಿತ್ರ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದದ್ದು. ನೋಡಲು ಬಹಳ ಚೆಂದ. ಆದರೆ ಉದ್ದಕ್ಕೂ ಬೆಸುಗೆಯೇ. ನೂರು ವರ್ಷದ ತೇವ ಆ ಬೆಸುಗೆಗಳೊಳಗೆ ಎಲ್ಲಿ ಕೂತಿದೆಯೋ ಹೇಳಲಾಗದು. ಇಂಥ ಕೋವಿ ಮನೆಯಲ್ಲಿದ್ದರೆ ಪೂಜೆಗೆ ಇರಲಿ, ಈಡಿಗೆ ಬೇಡ.

ತೋಟೆಯ ಉದ್ದ ಮತ್ತು ಮನೆಯ ಉದ್ದ

ತೋಟೆ ಕೂರುವ ಮನೆಗೆ ಚೇಂಬರು ಎನ್ನುತ್ತಾರೆ. ಹಳೆಯ ಕೋವಿಗಳಲ್ಲಿ ಅದು ಬಹಳಷ್ಟು ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಿಗುವ ತೋಟೆಗಳಲ್ಲಿ 70 ಮಿಲಿಮೀಟರಿನವು ಹೆಚ್ಚು. ಮೋಸ ಇರುವುದು ಇಲ್ಲಿಯೇ. 70ರ ತೋಟೆ 65ರ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಏಕೆಂದರೆ ತೋಟೆಗೆ ಬರೆದ ಉದ್ದ ಹಾರಿದ ಮೇಲೆ ಅದರ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಮನೆಯಲ್ಲಿ ಜಾಗವಿಲ್ಲದಾಗ ಅದು ನಳಿಗೆಯ ಇಕ್ಕಟ್ಟಿಗೆ ಚಾಚಿ ಚರೆಯ ದಾರಿಯನ್ನು ಬಿಗಿಯುತ್ತದೆ. ಒತ್ತಡ ಏರುತ್ತದೆ. ಆದ್ದರಿಂದ ತೋಟೆ ಕೂತಿತು ಎಂಬುದು ತೋಟೆ ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ನಳಿಗೆಯ ಮೇಲೆ ಬರೆದ ಉದ್ದವನ್ನು ನೋಡಬೇಕು. ಬರೆದಿರದಿದ್ದರೆ ಪರವಾನಿಗೆಯುಳ್ಳ ಕೋವಿ ಅಂಗಡಿಯವರಲ್ಲಿ ಅಳೆಸಬೇಕು.

ನಳಿಗೆಯ ಬಾಯಿಯ ಹತ್ತಿರ ಒಳ ಅಗಲವನ್ನು ಸ್ವಲ್ಪ ಕಿರಿದು ಮಾಡಿರುವುದಕ್ಕೆ ಚೋಕು ಎನ್ನುತ್ತಾರೆ. ಚರೆ ಚದರದೆ ಒಟ್ಟಾಗಿ ಹೋಗಲು ಅದು ಬೇಕು. ಪೂರ್ಣ ಚೋಕಿನಲ್ಲಿ ಸುಮಾರು 1 ಮಿಲಿಮೀಟರ್ ಕಿರಿದಾಗಿರುತ್ತದೆ. ಅಂಥ ನಳಿಗೆಯಲ್ಲಿ ಬೋರಿನ ಅಳತೆಯ ಒಂಟಿ ಸೀಸದ ಗುಂಡನ್ನು ಹಾರಿಸುವುದು ಅಪಾಯ. ಚರೆಯ ಕಾಳುಗಳು ಒಂದನ್ನೊಂದು ಜರುಗಿಸಿಕೊಂಡು ಇಕ್ಕಟ್ಟಿನಲ್ಲಿ ದಾಟುತ್ತವೆ. ಘನವಾದ ಗುಂಡು ಹಾಗೆ ದಾಟದು. ಹಳೆಯ ಕೆಲವು ವಿಲಾಯತಿ ನಳಿಗೆಗಳ ಮೇಲೆ ಗುಂಡಿಗೆ ತಕ್ಕದ್ದಲ್ಲ ಎಂದು ಇಂಗ್ಲಿಷಿನಲ್ಲಿ ಒತ್ತಿರುವುದು ಇದಕ್ಕಾಗಿಯೇ.

ಎರಡು ಬೋರಿನ ಕೋವಿ ಇರುವ ಮನೆ

ಮನೆಯಲ್ಲಿ 12 ಬೋರಿನದೊಂದು, 20 ಬೋರಿನದೊಂದು ಕೋವಿ ಇದ್ದರೆ ತೋಟೆಗಳನ್ನು ಬೇರೆ ಬೇರೆ ಕಡೆ ಇಡಬೇಕು. ಕತ್ತಲಲ್ಲಿ ಜೇಬಿಗೆ ಕೈಹಾಕಿದಾಗ 20ರ ತೋಟೆ ಬಂದು ಅದನ್ನು 12ರ ನಳಿಗೆಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ಚೇಂಬರಿನ ಆಚೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದರೆ ಸದ್ದಿಲ್ಲ. ತುಂಬಲು ಮರೆತೆನೆಂದುಕೊಂಡು ಹಿಂದೆ ಇನ್ನೊಂದು 12ರ ತೋಟೆ ಹಾಕಿ ಹಾರಿಸಿದರೆ ನಳಿಗೆ ಒಡೆಯುವುದು ಖಂಡಿತ ಎಂದೇ ತಿಳಿಯಬೇಕು. ಈ ಕಾರಣಕ್ಕಾಗಿಯೇ ಹಲವು ತಯಾರಕರು 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುತ್ತಾರೆ. ಈಡು ಹಾರದಿದ್ದರೆ ಕೋವಿಯ ಬಾಯಿಯನ್ನು ಜನರಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಮುರಿದು ನಳಿಗೆಯೊಳಗೆ ಬೆಳಕು ನೋಡಿರಿ. ಅನಂತರವೇ ಮುಂದಿನ ಮಾತು.

ಕೇಪಿನ ಕೋವಿ ಇರುವವರಿಗೆ

ಕೇಪಿನ ಕೋವಿಯಲ್ಲಿ ಆಗುವ ಅನಾಹುತಗಳ ಮೂಲ ಸಾಮಾನ್ಯವಾಗಿ ಮರೆವು. ಮದ್ದು ತುಂಬಿದ್ದು ಮರೆತು ಮತ್ತೆ ತುಂಬುವುದು. ತುಂಬಿದ ಕೋವಿಯನ್ನು ಖಾಲಿ ಎಂದು ತಿಳಿದು ಮಕ್ಕಳ ಕೈಗೆ ಸಿಗುವಂತೆ ಇಡುವುದು. ಇದಕ್ಕೆ ಸುಲಭ ಉಪಾಯ ಒಂದಿದೆ. ಕೋವಿ ಖಾಲಿ ಇರುವಾಗ ಗಜದ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಒಂದು ಗೀಟು ಕೊಯ್ದಿಡಿ. ಮುಂದೆ ಯಾವಾಗ ಇಳಿಸಿದರೂ ಆ ಗೀಟು ಬಾಯಿಯಿಂದ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಅದು ಮದ್ದಾಗಿರಬಹುದು, ಮಣ್ಣಾಗಿರಬಹುದು. ಬಹುಕಾಲ ತುಂಬಿಯೇ ಉಳಿದಿರುವ ಕೋವಿಯನ್ನು ಮನೆಯಲ್ಲಿ ಬಿಚ್ಚಲು ಹೋಗದೆ ಬಲ್ಲ ಕೆಲಸಗಾರರಿಗೆ, ತುಂಬಿದೆ ಎಂದು ಹೇಳಿಯೇ, ಒಪ್ಪಿಸಬೇಕು. ಒಲೆಯ ಬಳಿ ಒಣಗಿಸುವ ಬುದ್ಧಿ ಬೇಡವೇ ಬೇಡ.

ಮದ್ದಿಗೂ ಚರೆಗೂ ನಡುವೆ ಖಾಲಿ ಜಾಗ ಉಳಿಯಬಾರದು. ಅರ್ಧಕ್ಕೆ ನಿಂತ ಚರೆ ನಳಿಗೆಯ ಪಾಲಿಗೆ ಕುಂಬಾರ ಹುಳದ ಗೂಡಿಗೆ ಸಮಾನ. ತೋಟೆ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವುದು ಆತ್ಮಹತ್ಯೆಗೆ ಸಮ. ಕಣ್ಣಳತೆಗೆ ಎರಡೂ ಮದ್ದೇ, ಆದರೆ ಒತ್ತಡದಲ್ಲಿ ಅಜಗಜಾಂತರ.

ಹಳೆಯ ನಳಿಗೆಯನ್ನು ಪರೀಕ್ಷಿಸುವ ಕ್ರಮ

ಲೈಸೆನ್ಸಿನ ಮೇಲೆ ಹಳೆಯ ತೋಟೆ ಕೋವಿ ಕೊಳ್ಳುವವರೂ, ಹಿರಿಯರಿಂದ ಬಂದದ್ದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರೂ ಮೊದಲು ಕೆಳಗಿನವನ್ನು ನೋಡಬೇಕು.

1. ಕೋವಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಬಿಚ್ಚಿ ಒಣಬಟ್ಟೆಯಿಂದ ಒಳಗೆ ಒರೆಸಿ. ಎಣ್ಣೆ ತುಂಬಿದ್ದರೆ ದೋಷ ಕಾಣದು.

2. ಬಿಳಿ ಗೋಡೆಯ ಅಥವಾ ಆಕಾಶದ ಕಡೆಗೆ ಹಿಡಿದು ಒಳಗೆ ನೋಡಿ. ಬೆಳಕಿನ ಉಂಗುರಗಳು ಒಂದರೊಳಗೊಂದು ನೇರವಾಗಿ ಕಾಣಬೇಕು. ನಡುವೆ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಹೊರಗಿನಿಂದ ಬೆರಳಾಡಿಸಿದರೆ ಎಷ್ಟೋ ಸಲ ಕೈಗೆ ಸಿಗುತ್ತದೆ.

3. ಸಿಡುಬಿನ ಕಲೆಯಂಥ ತೂತುಗಳು ಬಾಯಿಯ ಹತ್ತಿರಕ್ಕಿಂತ ಚೇಂಬರಿನ ಹತ್ತಿರ ಇದ್ದರೆ ಹೆಚ್ಚು ಕೇಡು. ಒತ್ತಡ ಅಲ್ಲಿಯೇ ಹೆಚ್ಚು.

4. ಜೋಡುನಳಿಗೆಯನ್ನು ದಾರದಲ್ಲಿ ತೂಗುಬಿಟ್ಟು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ನಡುವಿನ ಬೆಸುಗೆ ಗಟ್ಟಿ. ಒಡೆದ ಮಡಕೆಯಂತೆ ಸದ್ದಾದರೆ ಪಟ್ಟಿ ಸಡಿಲವಾಗಿದೆ.

5. ಮುಂಗೈ ಮರವನ್ನು ತೆಗೆದು ಕೋವಿಯನ್ನು ಮುಚ್ಚಿ, ಹಿಡಿಯನ್ನು ಹಿಡಿದು ಅಲುಗಾಡಿಸಿ. ನಳಿಗೆ ಹಿಂದಿನ ಮುಖಕ್ಕೆ ಅಂಟಿದಂತೆ ಇರಬೇಕು. ಕಟಕಟ ಎಂದರೆ ಸಂದು ಬಿಟ್ಟಿದೆ. ಅಂಥದನ್ನು ಸರಿಮಾಡಿಸದೆ ಹಾರಿಸಬಾರದು.

6. ನಳಿಗೆಯ ಗೋಡೆಯ ದಪ್ಪ ಕಣ್ಣಿಗೆ ಕಾಣುವುದಲ್ಲ. ಅದಕ್ಕೆ ಅಳತೆಯ ಸಾಧನ ಬೇಕು. ತುಕ್ಕು ತೆಗೆಯಲೆಂದು ಪದೇ ಪದೇ ಒಳಗೆ ಉಜ್ಜಿಸಿದ ನಳಿಗೆ ಹೊಳೆಯುತ್ತದೆ, ಆದರೆ ತೆಳುವಾಗಿರುತ್ತದೆ. ಬ್ರಿಟನ್ನಿನಲ್ಲಿ ನಳಿಗೆಯ ಒಳ ಅಗಲ ಮುದ್ರೆಯ ಕಾಲದ ಅಳತೆಗಿಂತ ಅಂಗುಲದ ಸಾವಿರದ ಹತ್ತು ಭಾಗದಷ್ಟು ಹಿಗ್ಗಿದರೆ ಪ್ರೂಫ್ ಮುಗಿಯಿತೆಂದು ಬಹುಕಾಲ ಲೆಕ್ಕ ಹಿಡಿದಿದ್ದರು. ಇದು ಒಂದು ದಪ್ಪ ಕಾಗದದ ದಪ್ಪ ಮಾತ್ರ. ಹೊಳಪು ನೋಡಿ ಮರುಳಾಗಬೇಡಿ.

ನಳಿಗೆ ಕೆಟ್ಟಿದ್ದರೆ ಏನು ಮಾಡುವುದು? ಊರಿನ ಕುಲುಮೆಗೂ, ವೆಲ್ಡಿಂಗ್ ಅಂಗಡಿಗೂ ಒಯ್ಯಬಾರದು. ಉಬ್ಬಿದ್ದನ್ನು ಬಡಿದು ಸರಿಮಾಡಿದರೆ, ಸೀಳಿಗೆ ಬೆಸುಗೆ ಹಾಕಿದರೆ ಉಕ್ಕಿನ ಹದ ಕೆಟ್ಟು ಮೊದಲಿಗಿಂತ ಕೇಡಾಗುತ್ತದೆ. ಒಡೆದ ಬಾಯಿಯನ್ನು ಗರಗಸದಿಂದ ಕೊಯ್ದು ಹಾಕಿದರೆ ಅದೇ ಅಪರಾಧವಾಗಬಹುದೆಂದು ಮೇಲೆ ಹೇಳಿದೆ. ರಿಪೇರಿಯ ಪರವಾನಿಗೆ ಇರುವ ಕೋವಿ ಕೆಲಸಗಾರರಿಗೆ ತೋರಿಸಿ ರಸೀತಿ ಪಡೆಯಿರಿ. ಹೊಸ ನಳಿಗೆ ಕೂರಿಸುವುದು ಅಂಗಡಿಯಲ್ಲಿ ಹಾರೆಗೆ ಕಾವು ಹಾಕಿದಂತಲ್ಲ. ಹಿಂದಿನ ಮುಖಕ್ಕೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಿಸಿ ಮತ್ತೆ ಪ್ರೂಫ್ ಪರೀಕ್ಷೆ ಆಗಬೇಕು. ನಂಬರು ಬದಲಾಗುವುದಿದ್ದರೆ ಲೈಸೆನ್ಸು ಕೊಟ್ಟ ಅಧಿಕಾರಿಗಳಿಗೆ ಮೊದಲೇ ತಿಳಿಸಿ ದಾಖಲು ಮಾಡಿಸಬೇಕು. ದುರಸ್ತಿಯ ಖರ್ಚು ಕೋವಿಯ ಬೆಲೆಗೆ ಸಮನಾದರೆ ಹಳೆಯದನ್ನು ಕ್ರಮಪ್ರಕಾರ ಒಪ್ಪಿಸಿ ಹೊಸದು ಕೊಳ್ಳುವುದೇ ಲೇಸು.

ಮಲೆನಾಡಿನ ಮಳೆಗೆ ತಕ್ಕ ಆರೈಕೆ

ನಮ್ಮ ಮಳೆಗಾಲದಲ್ಲಿ ಕಾಗದವೇ ಬೂಸಲು ಹಿಡಿಯುವಾಗ ಉಕ್ಕಿನ ಗತಿ ಏನು? ಕರಿಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ಬಗೆಯ ಕೇಪಿನ ಉಳಿಕೆಯಲ್ಲಿ ಉಪ್ಪಿನಂಥ ಅಂಶ ಇರುತ್ತದೆ. ಇವೆರಡೂ ಎಣ್ಣೆಗೆ ಕರಗುವುದಿಲ್ಲ, ಬಿಸಿನೀರಿಗೆ ಕರಗುತ್ತವೆ. ಆದ್ದರಿಂದ ಕೇಪಿನ ಕೋವಿ ಹಾರಿಸಿದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು ತೊಳೆದು, ಪೂರಾ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಮಸಿಯ ಮೇಲೆಯೇ ಎಣ್ಣೆ ಬಳಿದರೆ ಅದರಡಿಯಲ್ಲಿ ತುಕ್ಕು ತಣ್ಣಗೆ ಬೆಳೆಯುತ್ತದೆ.

ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದಲ್ಲಿ ಗಡ್ಡೆ ಕಟ್ಟುತ್ತದೆ, ಹಳಸಿದರೆ ಹುಳಿಯ ಗುಣ ಬಂದು ಲೋಹಕ್ಕೆ ಕೇಡು. ಕೋವಿಗೆಂದೇ ಇರುವ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆಯಾದರೂ ಆದೀತು. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಿಸಬೇಡಿ, ಚರ್ಮ ತೇವ ಹಿಡಿಯುತ್ತದೆ. ಬೀಗದ ಒಣ ಕಪಾಟಿನಲ್ಲಿ ಬಾಯಿ ಕೆಳಗಾಗಿ ಇಟ್ಟರೆ ಹೆಚ್ಚಿನ ಎಣ್ಣೆ ಹಿಡಿಯ ಮರಕ್ಕೆ ಇಳಿಯುವುದಿಲ್ಲ. ತೋಟೆಯನ್ನು ಬೇರೆ ಕಡೆ, ಬೇರೆ ಬೀಗದಲ್ಲಿ ಇಡಿ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಒರೆಸಿ. ಬಾಯಿಗೆ ಬಟ್ಟೆ ತುರುಕಿ ಹುಳ ತಡೆಯುವವರು ಎಚ್ಚರ. ಆ ಬಟ್ಟೆಯೇ ಮುಂದೆ ಅಡಚಣೆಯಾದೀತು. ಹಾಗೆ ಮಾಡಲೇಬೇಕಾದರೆ ಒಂದು ಮೊಳ ಕೆಂಪು ಬಟ್ಟೆ ಹೊರಗೆ ಜೋಲುವಂತೆ ಬಿಡಿ.

ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದಾಗ ನಮ್ಮವರ ಗೊಣಗಾಟ ನ್ಯಾಯವಾದದ್ದೇ. ಕಾಟ ಕೊಡುವ ಹಂದಿಗೆ ನೀತಿಸಂಹಿತೆ ಇಲ್ಲ. ಬೆಳೆ ರಕ್ಷಣೆಗೆ ಕೋವಿ ಬೇಕೇಬೇಕೆನ್ನುವವರು ಜಿಲ್ಲೆಯ ಪರಿಶೀಲನಾ ಸಮಿತಿಗೆ ಕಾರಣ ಬರೆದು ವಿನಾಯಿತಿ ಕೇಳಬಹುದು. ಒಪ್ಪಿಸುವುದೇ ಆದರೆ ಎಣ್ಣೆ ಸವರಿ ಒಪ್ಪಿಸಿ, ಮರಳಿ ಬಂದ ದಿನ ಮೇಲೆ ಹೇಳಿದ ಪರೀಕ್ಷೆ ಮಾಡದೆ ಹಾರಿಸಬೇಡಿ.

ಲೈಸೆನ್ಸಿನ ದಾರಿ

ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು 1861ರಿಂದ ವಿನಾಯಿತಿ ಉಂಟು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಇಟ್ಟುಕೊಳ್ಳಲು, ಒಯ್ಯಲು. ತಯಾರಿಸಲು ಅಲ್ಲ. ಈ ಗೌರವವನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ.

ಉಳಿದ ಮಲೆನಾಡಿಗರು ಜಿಲ್ಲಾಧಿಕಾರಿಗಳಲ್ಲಿ ಅರ್ಜಿ ಹಾಕಬೇಕು. ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಗೆ ಲೈಸೆನ್ಸು ಕೊಡಲು ಕಾಯಿದೆಯ 13ನೇ ಕಲಮಿನಲ್ಲಿಯೇ ಜಾಗವಿದೆ. ಅದು ಸಾಲದೆಂದು ಅಧಿಕಾರಿಗಳಿಗೆ ಮನದಟ್ಟಾದರೆ ಬೇರೆ ನಯಬೋರಿನ ಕೋವಿಗೂ ಕೊಡಬಹುದು. ಪಹಣಿ, ಬೆಳೆಹಾನಿಯ ಪಂಚನಾಮೆ, ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿಗಳನ್ನು ಜೋಡಿಸಿಟ್ಟರೆ ಅರ್ಜಿಗೆ ಬಲ ಬರುತ್ತದೆ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಲೈಸೆನ್ಸುದಾರರು ತೀರಿಕೊಂಡರೆ ಮನೆಯವರು ಕೋವಿಯನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಿಗೆಯ ಅಂಗಡಿಯಲ್ಲಿ ಠೇವಣಿ ಇಟ್ಟು ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. 70 ವರ್ಷ ತುಂಬಿದವರು, ಇಲ್ಲವೇ 25 ವರ್ಷ ಕೋವಿ ಹೊಂದಿದವರು, ಬದುಕಿರುವಾಗಲೇ ವಾರಸುದಾರರನ್ನು ಸೂಚಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಹಿರಿಯ ಸದಸ್ಯರು ಇದನ್ನು ಬಳಸಿಕೊಳ್ಳಬೇಕು.

ಇನ್ನೊಂದು ಮಾತು. ಕೋವಿಗೆ ಲೈಸೆನ್ಸು ಇದೆಯೆಂದರೆ ಪ್ರಾಣಿಯನ್ನು ಕೊಲ್ಲಲು ಅಪ್ಪಣೆ ಇದೆಯೆಂದಲ್ಲ. 1972ರ ವನ್ಯಜೀವಿ ಕಾಯಿದೆಯ ಕೆಳಗೆ ಅದಕ್ಕೆ ಬೇರೆಯೇ ಅನುಮತಿ ಬೇಕು. ಹೆದರಿಸಿ ಓಡಿಸುವ ಈಡಿಗೂ ಹೊಡೆದು ಬೀಳಿಸುವ ಈಡಿಗೂ ಕಾನೂನಿನಲ್ಲಿ ಬಹಳ ಅಂತರ.

ಕಡೆಯದಾಗಿ, ಆ ಸಂಜೆ ಹಂದಿಗಳು ಗದ್ದೆ ಹೊಕ್ಕು ಕಾಲು ಎಕರೆ ತುಳಿದುಹೋದವು. ನಳಿಗೆಯ ಮಣ್ಣು ತೆಗೆಯುವಷ್ಟರಲ್ಲಿ ಕತ್ತಲಾಗಿತ್ತು. ಆ ಭತ್ತ ಮುಂದಿನ ವರ್ಷ ಮತ್ತೆ ಬೆಳೆಯಿತು. ಹೋದ ಕೈ ಬೆಳೆಯುವುದಿಲ್ಲ. ಸದಸ್ಯ ಬಾಂಧವರು ಈ ಲೇಖನವನ್ನು ಓದಿ ಪಕ್ಕಕ್ಕಿಡುವ ಮೊದಲು ಮನೆಯ ಕೋವಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕಾಗಿ ವಿನಂತಿ.